ಗುರುತಿನ ಬೆನ್ನು ಹತ್ತಿದ ಪತ್ತೇದಾರರು

ಐವತ್ತರ ದಶಕದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕೇಸಿಗೆ ಇಳಿದನೆಂದರೆ ಓದುಗರನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ: ಕೊಲೆ ಮಾಡಿದ್ದು ಯಾರು? ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗಷ್ಟೇ ಓದಿದ್ದ ಈ ಲೇಖಕರು 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮನ ಹಿಂದೆ ಅವರ ಇನ್ನಿತರ ಪತ್ತೇದಾರರಾದ ಮಧುಸೂದನ, ಗಾಳಿರಾಯ ಬಂದರು. ವಿಮರ್ಶಕರು ಇವರನ್ನೆಲ್ಲ ಬಾಗಿಲಾಚೆಯೇ ನಿಲ್ಲಿಸಿದರು. ಆದರೆ ಒಂದು ತಲೆಮಾರಿಗೆ ಕನ್ನಡ ಓದುವ ಚಟ ಹತ್ತಿಸಿದವರಲ್ಲಿ ನರಸಿಂಹಯ್ಯನವರು ಮೊದಲಿಗರು. ಆ ಋಣವನ್ನು ನಮ್ಮ ಸಾಹಿತ್ಯ ಚರಿತ್ರೆ ಇನ್ನೂ ಸರಿಯಾಗಿ ತೀರಿಸಿಲ್ಲ. ‘ಬಂಗಾರದ ಮನುಷ್ಯ’ದ ಟಿ.ಕೆ. ರಾಮರಾವ್ ರಹಸ್ಯ ಕಾದಂಬರಿಗಳನ್ನೂ ಬರೆದು, ಈ ಪ್ರಕಾರಕ್ಕೆ ಮನೆ, ಸಂಸಾರಗಳ ವಾಸನೆ ತಂದರು.

ಸಿನಿಮಾದಲ್ಲಿ ಕಾಶೀನಾಥರ ‘ಅಪರಿಚಿತ’ (1978), ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989) ಕುತೂಹಲವನ್ನೇ ಬಂಡವಾಳ ಮಾಡಿಕೊಂಡವು. ಪ್ರಶ್ನೆ ಬದಲಾದದ್ದು ದೇಸಾಯಿಯವರ ‘ಬೆಳದಿಂಗಳ ಬಾಲೆ’ಯಲ್ಲಿ (1995). ಇಲ್ಲಿ ಹೆಣವಿಲ್ಲ, ಖಳನಿಲ್ಲ. ಫೋನಿನಲ್ಲಿ ಒಂದು ಹೆಣ್ಣು ದನಿ, ಅವಳು ಯಾರೆಂದು ಕಂಡುಹಿಡಿಯಲು ಹೊರಟ ಒಬ್ಬ ಚೆಸ್ ಆಟಗಾರ, ಅಷ್ಟೆ.

ಆಮೇಲಿನ ಒಳ್ಳೆಯ ಚಿತ್ರಗಳು ಈ ಜಾಡು ಹಿಡಿದವು. ‘ರಂಗಿತರಂಗ’ದಲ್ಲಿ (2015) ಕಾವ್ಯನಾಮದ ಹಿಂದೆ ಅಡಗಿದ ಲೇಖಕನನ್ನು ಪತ್ರಕರ್ತೆ ಹುಡುಕುತ್ತಾಳೆ. ಹೇಮಂತ್ ರಾವ್ ತಮ್ಮ ಮೊದಲ ಚಿತ್ರಕ್ಕೆ ಹೆಸರನ್ನೇ ಪೊಲೀಸ್ ಪ್ರಕಟಣೆಯಿಂದ ಎತ್ತಿಕೊಂಡರು: ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016). ಮರೆವಿನ ಕಾಯಿಲೆಯ ತಂದೆ ಕಾಣೆಯಾಗುತ್ತಾರೆ. ಅವರನ್ನು ಹುಡುಕುತ್ತ ಹುಡುಕುತ್ತ ಮಗನಿಗೆ ತಂದೆಯ ಪರಿಚಯವಾಗುತ್ತದೆ. ಅವರದೇ ‘ಕವಲುದಾರಿ’ಯಲ್ಲಿ (2019) ಮೆಟ್ರೋ ಕಾಮಗಾರಿಯ ಮಣ್ಣಿನಲ್ಲಿ ತಲೆಬುರುಡೆಗಳು ಸಿಗುತ್ತವೆ. ತನ್ನ ಕೆಲಸವಲ್ಲದಿದ್ದರೂ ಟ್ರಾಫಿಕ್ ಪೊಲೀಸ್ ಅಧಿಕಾರಿ ಶ್ಯಾಮ್ ಅವುಗಳ ಬೆನ್ನು ಬೀಳುತ್ತಾನೆ. ಕೊಂದವರು ಯಾರೆಂದು ತಿಳಿಯುವ ಮೊದಲು ಸತ್ತವರು ಯಾರೆಂದು ತಿಳಿಯಬೇಕು. ಕನ್ನಡದ ಪತ್ತೇದಾರಿ ಪ್ರಕಾರ ಪ್ರೌಢವಾದದ್ದು ಈ ಚಿತ್ರದಲ್ಲೇ.

‘ಕೆ.ಜಿ.ಎಫ್’ (2018) ಸಾಹಸಚಿತ್ರವಾದರೂ ಅದನ್ನು ಕಟ್ಟಿರುವುದು ತನಿಖೆಯ ಚೌಕಟ್ಟಿನಲ್ಲಿ. ಸರ್ಕಾರ ಅಳಿಸಿಹಾಕಿದ ಒಬ್ಬನ ಕಥೆಯನ್ನು, ನಿಷೇಧಗೊಂಡ ಪುಸ್ತಕದ ಲೇಖಕ ಆನಂದ್ ಇಂಗಳಗಿ ಹೇಳುತ್ತಾ ಹೋಗುತ್ತಾರೆ. ಚಿತ್ರದ ನರಾಚಿ ಕಲ್ಪನೆಯ ಊರು. ನಿಜವಾದ ಕೋಲಾರ ಚಿನ್ನದ ಗಣಿಯಲ್ಲಿ ಗುರುತಿನ ಕಥೆ ಇದಕ್ಕಿಂತ ಗಟ್ಟಿಯಾದದ್ದು.

ಬ್ರಿಟಿಷರ ಕಾಲದಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂವರೆಗೆ ಹೋಗುವ ಕವಲು ಮಾರ್ಗದ ಕೊನೆಯಲ್ಲಿ ಗಣಿಗಳಿದ್ದವು. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯ ಕೂಲಿಕಾರರು, ಹೆಚ್ಚಿನವರು ದಲಿತರು, ಇಲ್ಲಿಗೆ ದುಡಿಯಲು ಬಂದರು. ಚಿನ್ನ ಕದಿಯುತ್ತಾರೆಂಬ ಸಂಶಯ ಗಣಿ ಕಂಪನಿಗೆ ಸದಾ ಇತ್ತು. ಗುತ್ತಿಗೆ ಕೂಲಿಗಳ ಮಣಿಕಟ್ಟಿಗೆ ನಂಬರಿನ ಬಳೆ ತೊಡಿಸುತ್ತಿದ್ದರು. 1930ರಲ್ಲಿ ಎಲ್ಲ ಕಾರ್ಮಿಕರೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕಟ್ಟಳೆ ಬಂತು. 1897ರಲ್ಲಿ ಕಲ್ಕತ್ತಾದ ಬೆರಳಚ್ಚು ಬ್ಯೂರೋದಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅಪರಾಧಿಗಳ ದಾಖಲೆಗೆಂದು ಬೆಳೆಸಿದ ವಿದ್ಯೆಯನ್ನು ದುಡಿಯುವ ಕೈಗಳ ಮೇಲೆ ಹೇರಲು ಹೊರಟಿದ್ದರು. ‘ನಾವು ಕಳ್ಳರಲ್ಲ’ ಎಂಬ ಸಿಟ್ಟಿನಲ್ಲಿ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಬೆರಳಚ್ಚು ಪತ್ತೇದಾರಿ ಕಾದಂಬರಿಯಲ್ಲಿ ಸತ್ಯ ಹೊರಗೆಡಹುವ ಉಪಾಯ. ಇಲ್ಲಿ ಅದು ಮನುಷ್ಯನ ಮಾನದ ಪ್ರಶ್ನೆಯಾಯಿತು.

ಎಂಥ ರಹಸ್ಯ ಕಾದಂಬರಿಗಾದರೂ ಸಾಲುವಷ್ಟು ಸಾಮಗ್ರಿ ಇದು. ಸುಳ್ಳು ಹೆಸರಿನಲ್ಲಿ ಕೆಲಸಕ್ಕೆ ಸೇರಿದವನೊಬ್ಬ, ಬಳೆಯ ನಂಬರೊಂದನ್ನೇ ಹಿಡಿದು ಅವನನ್ನು ಹುಡುಕುವ ಇನ್ಸ್‌ಪೆಕ್ಟರ್ ಒಬ್ಬ ಸಿಕ್ಕರೆ ಸಾಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುರಂಗಕ್ಕೆ ಇಳಿದವರಲ್ಲಿ ಉಳಿದವರಿಗೆ ವಯಸ್ಸಾಗುತ್ತಿದೆ. ಕನ್ನಡದ ಕಥೆಗಾರರು ಗಣಿತ್ಯಾಜ್ಯದ ಸೈನೈಡ್ ದಿಬ್ಬಗಳ ಹಿನ್ನೆಲೆಯಷ್ಟಕ್ಕೇ ತೃಪ್ತರಾಗದೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್‌ಗಳ ಲೈನುಮನೆಗಳಲ್ಲಿ ಕೂತು ಅವರ ಮಾತನ್ನು ಈಗಲೇ ಬರೆದುಕೊಳ್ಳಬೇಕು.