ಊರು ಕಟ್ಟುವ ಹಕ್ಕು: ಕೆಂಗೇರಿ ಹೋಬಳಿಯಿಂದ ಮೈಸೂರು ಕಾರಿಡಾರಿನವರೆಗೆ

ಪ್ರಭುತ್ವದಿಂದ ನೆಲವನ್ನೂ ರಿಯಾಯಿತಿಗಳನ್ನೂ ಪಡೆದ ಖಾಸಗಿಯವರು ತಾವೇ ಬೀದಿ, ನೀರು, ಕಾವಲುಗಳನ್ನು ಒದಗಿಸಿ, ಹಗುರ ತೆರಿಗೆಯ ಭರವಸೆಯ ಮೇಲೆ ಜನರನ್ನು ಕರೆತಂದು ಕಟ್ಟುವ ನಗರವು ಈಚಿನ ದಶಕಗಳ ಅರ್ಥಶಾಸ್ತ್ರದಲ್ಲಿ ಹೊಸ ಪ್ರಯೋಗವೆಂಬಂತೆ ಚರ್ಚೆಯಾಗುತ್ತಿದೆ. ಮಧ್ಯ ಅಮೆರಿಕದ ಹೊಂಡುರಾಸ್ 2013ರಲ್ಲಿ ಕಾಯ್ದೆ ಮಾಡಿ, ಇಂಥ ವಲಯಗಳಿಗೆ ಪ್ರತ್ಯೇಕ ತೆರಿಗೆ ಮತ್ತು ಪ್ರತ್ಯೇಕ ನ್ಯಾಯವ್ಯವಸ್ಥೆಯನ್ನು ಬಿಟ್ಟುಕೊಟ್ಟು, 2022ರಲ್ಲಿ ಆ ಕಾಯ್ದೆಯನ್ನೇ ರದ್ದುಪಡಿಸಿತು. ಆದರೆ ಊರು ಕಟ್ಟುವ ಹಕ್ಕನ್ನು ಹೀಗೆ ಕೊಡುವುದೂ ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವುದೂ ಕನ್ನಡನಾಡಿಗೆ ಹೊಸತಲ್ಲ. ಬೆಂಗಳೂರಿನ ಪಡುವಣ ಭಾಗವು ಸುಮಾರು ಐದು ಶತಮಾನಗಳಲ್ಲಿ ಇದರ ಹಲವು ರೂಪಗಳನ್ನು ಕಂಡಿದೆ.

ವಿಜಯನಗರದ ಕಾಲದಲ್ಲಿ ಪೇಟೆಯನ್ನು ಸ್ಥಾಪಿಸುವುದು ಒಂದು ಆರ್ಥಿಕ ಉಪಾಯವಾಗಿತ್ತು. ಹೊಸ ಊರಿಗೆ ಬಂದು ನೆಲೆಸುವ ಸೆಟ್ಟಿಗಳಿಗೆ, ನೇಕಾರರಿಗೆ, ಗಾಣಿಗರಿಗೆ ಆರಂಭದ ಕೆಲವು ವರ್ಷಗಳ ಸುಂಕವನ್ನು ಬಿಡುವ, ಆ ಮೇಲೆ ಗೊತ್ತಾದ ದರದಲ್ಲಷ್ಟೇ ಎತ್ತುವ ವಾಗ್ದಾನವನ್ನು ಕೌಲು, ಅಂದರೆ ಒಡಂಬಡಿಕೆಯ ಪತ್ರ, ಬರೆದುಕೊಟ್ಟು ಖಚಿತಪಡಿಸಲಾಗುತ್ತಿತ್ತು. ಬಿಟ್ಟ ಸುಂಕದ ನಷ್ಟವನ್ನು ಬೆಳೆಯುವ ವ್ಯಾಪಾರವು ಮುಂದೆ ತುಂಬಿಕೊಡುತ್ತದೆಂಬ ಲೆಕ್ಕ ಅದರ ಹಿಂದಿತ್ತು. ಊರು ಕಟ್ಟುತ್ತಿದ್ದವನು ಹೆಚ್ಚಾಗಿ ಚಕ್ರವರ್ತಿಯಲ್ಲ, ಅವನಿಗೆ ಕಪ್ಪವನ್ನೂ ಸೈನ್ಯವನ್ನೂ ಸಲ್ಲಿಸಿ ಸೀಮೆಯ ಹುಟ್ಟುವಳಿಯನ್ನು ಅನುಭವಿಸುತ್ತಿದ್ದ ನಾಡಪ್ರಭು.

ಯಲಹಂಕ ನಾಡಿನ ಪ್ರಭುವಾಗಿದ್ದ ಕೆಂಪೇಗೌಡನು 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿದ್ದು ಈ ಚೌಕಟ್ಟಿನೊಳಗೇ. ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಒಂದನ್ನೊಂದು ಅಡ್ಡಹಾಯುವಂತೆ ಬೀದಿಗಳನ್ನು ಗೆರೆ ಹಾಕಿ, ಅರಳೆಪೇಟೆ, ಅಕ್ಕಿಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಸರಕಿಗೂ ಕಸುಬಿಗೂ ಒಂದೊಂದು ಕೇರಿಯನ್ನು ಗೊತ್ತುಮಾಡಿ, ಕೆರೆಗಳಿಂದ ನೀರಿನ ಆಸರೆ ಕಲ್ಪಿಸಿದ ಈ ಊರಿನ ವೆಚ್ಚಕ್ಕಾಗಿ ವಿಜಯನಗರದ ಚಕ್ರವರ್ತಿ ಅಚ್ಯುತರಾಯನು ಹನ್ನೆರಡು ಹೋಬಳಿಗಳ ಹುಟ್ಟುವಳಿಯನ್ನು ಬಿಟ್ಟುಕೊಟ್ಟನೆಂದೂ, ಅದು ವರ್ಷಕ್ಕೆ 30,000 ವರಹಗಳಷ್ಟಿತ್ತೆಂದೂ ಪರಂಪರೆ ಹೇಳುತ್ತದೆ. ಆ ಹೋಬಳಿಗಳ ಪಟ್ಟಿಯಲ್ಲಿ ಬೇಗೂರು, ವರ್ತೂರು, ಜಿಗಣಿ, ಹೆಸರಘಟ್ಟಗಳ ಜೊತೆಗೆ ಪಡುವಣದ ಕೆಂಗೇರಿ ಮತ್ತು ಕುಂಬಳಗೋಡುಗಳೂ ಇವೆ. ಅಂದರೆ ಪೇಟೆಯ ಅಂಗಡಿಬೀದಿಯ ಏಳಿಗೆಗೆ ಕೆಂಗೇರಿಯ ರೈತನ ಕಂದಾಯ ಆಧಾರವಾಗಿತ್ತು. ಅದೇ ಕೆಂಪೇಗೌಡನು ಸಾಮ್ರಾಟನ ಅಪ್ಪಣೆಯಿಲ್ಲದೆ ಸ್ವಂತ ನಾಣ್ಯ ಅಚ್ಚುಹಾಕಿಸಿದಾಗ ಅವನನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟರೆಂಬ ಪ್ರತೀತಿಯೂ ಇದೆ. ಕಂದಾಯವನ್ನು ಎತ್ತಿ ಊರಿಗೆ ವೆಚ್ಚಮಾಡುವ ಅಧಿಕಾರ ಬಿಟ್ಟುಕೊಡಬಹುದಾದದ್ದು, ನಾಣ್ಯದ ಅಧಿಕಾರ ಬಿಟ್ಟುಕೊಡಲಾಗದ್ದು ಎಂಬ ಎಲ್ಲೆ ಈ ಪ್ರತೀತಿಯಲ್ಲಿ ಸ್ಪಷ್ಟವಾಗಿದೆ.

1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಬೆಂಗಳೂರನ್ನು ಗೆದ್ದು, ಅದು ಶಹಾಜಿಯ ಜಾಗೀರಾದಾಗ, ಗೌಡ ಮನೆತನವು ಮಾಗಡಿಗೆ ಸರಿದು ಸಾವನದುರ್ಗದ ಆಸರೆಯಲ್ಲಿ 1728ರವರೆಗೆ ಆಳಿತು. ಶಹಾಜಿಯ ಮಗ ಏಕೋಜಿ ತಂಜಾವೂರಿನಲ್ಲಿ ನೆಲೆಗೊಂಡ ಮೇಲೆ ದೂರದ ಬೆಂಗಳೂರು ಅವನಿಗೆ ಹೊರೆಯಾಯಿತು. 1687ರಲ್ಲಿ ಮೊಗಲ್ ಸೇನಾನಿ ಖಾಸಿಂ ಖಾನನು ಅದನ್ನು ಹಿಡಿದ ಬಳಿಕ, 3 ಲಕ್ಷ ರೂಪಾಯಿಗೆ ಊರು ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಸೇರಿತು. ಕೈಬದಲಾದ ವಸ್ತು ಕೋಟೆಯ ಗೋಡೆಗಿಂತ ಹೆಚ್ಚಾಗಿ ಪೇಟೆಯ ಸುಂಕದ ಹುಟ್ಟುವಳಿ ಎಂದು ತಿಳಿದರೆ ಈ ಕ್ರಯದ ಅರ್ಥ ಹೊಳೆಯುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಊರು ಕಟ್ಟುವ ಕೆಲಸವನ್ನು ಸರ್ಕಾರ ತಾನೇ ಕೈಗೆತ್ತಿಕೊಂಡಿತು. 1945ರಲ್ಲಿ ರಚನೆಯಾದ ನಗರ ಸುಧಾರಣಾ ಮಂಡಳಿಯು ರೈತರ ಜಮೀನನ್ನು ಸ್ವಾಧೀನಪಡಿಸಿಕೊಂಡು, ಬಡಾವಣೆ ರಚಿಸಿ, ನಿವೇಶನ ಹಂಚುವ ವಿಧಾನವನ್ನು ರೂಢಿಗೆ ತಂದಿತು. ಕಾರ್ಖಾನೆ ಮತ್ತು ಕಾರ್ಮಿಕರ ಮನೆಗಳನ್ನು ಒಂದೆಡೆ ಸೇರಿಸುವ ಕೈಗಾರಿಕಾ ಉಪನಗರವಾಗಿ 1949ರಲ್ಲಿ ಉದ್ಘಾಟನೆಗೊಂಡ ರಾಜಾಜಿನಗರಕ್ಕೆ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರು ಬಂತು. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯೂ ಅಲ್ಲಿಗೆ ಸ್ಥಳಾಂತರಗೊಂಡಿತು. ಮುಂದೆ ಗೃಹಮಂಡಳಿಯು ಕೆಂಗೇರಿಯಲ್ಲಿ ಉಪನಗರವನ್ನು ನಿರ್ಮಿಸಿತು. 1976ರಲ್ಲಿ ಸುಧಾರಣಾ ಮಂಡಳಿಯ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು.

ಖಾಸಗಿ ನಗರದ ಕಲ್ಪನೆ ಪಡುವಣಕ್ಕೆ ಮರಳಿದ್ದು ಉದಾರೀಕರಣದ ನಂತರ. 1995ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಖಾಸಗಿ ಒಕ್ಕೂಟವೊಂದರೊಡನೆ ತಿಳಿವಳಿಕೆ ಪತ್ರಕ್ಕೆ ಸಹಿಹಾಕಿ, 1997ರ ಏಪ್ರಿಲ್ 3ರಂದು ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್, ಅಂದರೆ ನೈಸ್, ಸಂಸ್ಥೆಯೊಡನೆ ಚೌಕಟ್ಟು ಒಪ್ಪಂದ ಮಾಡಿಕೊಂಡಿತು. ಬೆಂಗಳೂರು–ಮೈಸೂರು ನಡುವೆ ಸುಂಕದ ಹೆದ್ದಾರಿ, ಅದರ ಬದಿಗೆ ಐದು ಹೊಸ ಪಟ್ಟಣ, ಇವಕ್ಕೆ 20,193 ಎಕರೆ ಜಮೀನು ಎಂಬುದು ಅದರ ಸಾರಾಂಶ. ಕಂಪನಿಯೇ ರಸ್ತೆ ನಿರ್ಮಿಸಿ, ನಿಗದಿತ ಅವಧಿಯವರೆಗೆ ಟೋಲ್ ಎತ್ತಿ, ಬಳಿಕ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಪಟ್ಟಣಗಳ ಅಭಿವೃದ್ಧಿಯ ಆದಾಯವು ರಸ್ತೆಯ ವೆಚ್ಚಕ್ಕೆ ಒದಗಬೇಕಿತ್ತು. ಜಮೀನನ್ನು ಮಾತ್ರ ಕಂಪನಿ ಮಾರುಕಟ್ಟೆಯಲ್ಲಿ ಕೊಳ್ಳಲಿಲ್ಲ: 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ ಸರ್ಕಾರವೇ ಅದನ್ನು ರೈತರಿಂದ ಸ್ವಾಧೀನಪಡಿಸಿಕೊಡಬೇಕಾಯಿತು. ಯೋಜನೆಗೆ ಬೇಕಾದ್ದಕ್ಕಿಂತ ಹೆಚ್ಚು ಜಮೀನು ಹೋಗುತ್ತಿದೆಯೆಂಬ ತಕರಾರನ್ನು ಮುಂದೆ ರಾಜ್ಯ ಸರ್ಕಾರವೇ ನ್ಯಾಯಾಲಯದ ಮುಂದಿಟ್ಟಿತಾದರೂ, 2006ರ ಏಪ್ರಿಲ್ 20ರಂದು ಸರ್ವೋಚ್ಚ ನ್ಯಾಯಾಲಯವು ಒಪ್ಪಂದವನ್ನು ಎತ್ತಿಹಿಡಿಯಿತು. ತುಮಕೂರು ರಸ್ತೆಯಿಂದ ಮಾಗಡಿ ರಸ್ತೆ, ಕೆಂಗೇರಿ ಬಳಿಯ ಮೈಸೂರು ರಸ್ತೆಗಳನ್ನು ಹಾದು ಹೊಸೂರು ರಸ್ತೆ ಮುಟ್ಟುವ ಸುಮಾರು 41 ಕಿ.ಮೀ. ಹೊರವರ್ತುಲ ಸಿದ್ಧವಾಗಿ ಬಳಕೆಗೆ ಬಂತು; ಐದು ಪಟ್ಟಣಗಳು ನಕ್ಷೆಯಲ್ಲಿದ್ದಂತೆ ನಗರಗಳಾಗಿ ಮೇಲೇಳಲಿಲ್ಲ.

ಆಡಳಿತದ ವಿಷಯದಲ್ಲೂ ಸಂವಿಧಾನ ಒಂದು ಬಾಗಿಲು ತೆರೆದಿತ್ತು. 74ನೇ ತಿದ್ದುಪಡಿಯಿಂದ ಬಂದ 243ಕ್ಯೂ ವಿಧಿಯ ಪ್ರಕಾರ, ಕೈಗಾರಿಕಾ ಸಂಸ್ಥೆಯೇ ನಾಗರಿಕ ಸೇವೆ ನೀಡುವ ಪ್ರದೇಶವನ್ನು ರಾಜ್ಯಪಾಲರು ಕೈಗಾರಿಕಾ ಪಟ್ಟಣವೆಂದು ಘೋಷಿಸಿದರೆ ಅಲ್ಲಿ ಚುನಾಯಿತ ಪುರಸಭೆ ಇರಬೇಕಾಗಿಲ್ಲ. ನಗರದ ಇನ್ನೊಂದು ಅಂಚಿನ ಎಲೆಕ್ಟ್ರಾನಿಕ್ಸ್ ಸಿಟಿ 2013ರಲ್ಲಿ ಪ್ರತ್ಯೇಕ ಕೈಗಾರಿಕಾ ಪಟ್ಟಣ ಪ್ರಾಧಿಕಾರವನ್ನು ಪಡೆದು, ಆಸ್ತಿತೆರಿಗೆ ಎತ್ತುವ ಅಧಿಕಾರವನ್ನೂ ಗಳಿಸಿತು. ಕೆಂಗೇರಿಯ ನಡೆ ಇದಕ್ಕೆ ವಿರುದ್ಧ: ತನ್ನದೇ ಪುರಸಭೆಯಿದ್ದ ಊರು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು.

ಈ ಚರಿತ್ರೆಯಲ್ಲಿ ಪ್ರಭುತ್ವದ ಹೊರಗೆ ಕಟ್ಟಿದ ನಗರ ಒಂದೂ ಕಾಣುವುದಿಲ್ಲ. ಅಚ್ಯುತರಾಯನು ಹುಟ್ಟುವಳಿಯನ್ನು ಕೊಟ್ಟ, ಆಧುನಿಕ ಸರ್ಕಾರ ಸ್ವಾಧೀನದ ಅಧಿಕಾರವನ್ನು ಬಳಸಿ ನೆಲವನ್ನು ಕೊಟ್ಟಿತು. ಎರಡೂ ಕಾಲದಲ್ಲಿ ನಗರಕ್ಕೆ ಬಂದವನಿಗೆ ಹಗುರವೆನಿಸಿದ ಹೊರೆಯ ಒಂದು ಪಾಲನ್ನು ನಗರದ ಹೊರಗಿನ ಸಾಗುವಳಿದಾರ, ಒಮ್ಮೆ ಕಂದಾಯವಾಗಿ, ಇನ್ನೊಮ್ಮೆ ಜಮೀನಾಗಿ, ತೆತ್ತಿದ್ದಾನೆ. ಖಾಸಗಿ ನಗರವನ್ನು ಅಳೆಯುವಾಗ ಅದರೊಳಗಿನ ತೆರಿಗೆಯ ದರವನ್ನಷ್ಟೇ ನೋಡಿದರೆ ಈ ಪಾಲು ಲೆಕ್ಕದಿಂದ ತಪ್ಪಿಹೋಗುತ್ತದೆ.