ಗಾಳಿಯಿಂದ ಟ್ರಿಟಿಯಂ ಬೇರ್ಪಡಿಕೆ: ಅವಘಡದ ಹೊತ್ತಿನ ಕಸುವು

1974ರ ಮೇ 2ರಂದು ಅಮೆರಿಕದ ದಕ್ಷಿಣ ಕೆರೊಲಿನಾದ ಸವಾನಾ ರಿವರ್ ಸ್ಥಾವರದಿಂದ ಕೆಲವೇ ನಿಮಿಷಗಳಲ್ಲಿ ಸುಮಾರು 4,79,000 ಕ್ಯೂರಿ ಟ್ರಿಟಿಯಂ, ಅಂದರೆ ವಿಕಿರಣಶೀಲ ಜಲಜನಕ, ಹೊರಬಿತ್ತು. ತೂಕದಲ್ಲಿ ಅದು 50 ಗ್ರಾಂ ಆಸುಪಾಸು; ವಿಕಿರಣದ ಲೆಕ್ಕದಲ್ಲಿ ಅಗಾಧ. ಆದರೂ ಸುತ್ತಲಿನ ಜನರ ಮೈಗೆ ತಗುಲಿದ ವಿಕಿರಣ ತೀರಾ ಅಲ್ಪ. ಹೊರಬಿದ್ದದ್ದರಲ್ಲಿ ಬಹುಪಾಲು ಅನಿಲರೂಪದ್ದಾಗಿತ್ತು, ನೀರಾವಿಯ ರೂಪದ್ದು ಶೇ. 1ಕ್ಕೂ ಕಡಿಮೆ.

ಟ್ರಿಟಿಯಂ ಅನ್ನು ಇಂಧನವಾಗಿ ಬಳಸುವ ಸಮ್ಮಿಲನ ಸ್ಥಾವರಗಳ ಸುರಕ್ಷತೆಯ ಚರ್ಚೆ ಈ ವ್ಯತ್ಯಾಸದಿಂದಲೇ ಆರಂಭವಾಗಬೇಕು. ಟ್ರಿಟಿಯಂ ಹೊರಸೂಸುವ ಬೀಟಾ ಕಣ ಗಾಳಿಯಲ್ಲಿ ಹೆಚ್ಚೆಂದರೆ 6 ಮಿ.ಮೀ. ಸಾಗುತ್ತದೆ, ಚರ್ಮವನ್ನು ದಾಟದು. ಅನಿಲವನ್ನು ಉಸಿರಾಡಿದರೂ ಬಹುಪಾಲು ಹಾಗೆಯೇ ಹೊರಬರುತ್ತದೆ. ಅದೇ ಟ್ರಿಟಿಯಂ ನೀರಾವಿಯಾಗಿ ಬಂದರೆ ಶ್ವಾಸಕೋಶದಿಂದಲೂ ಚರ್ಮದಿಂದಲೂ ಒಳಹೊಕ್ಕು ಮೈಯ ನೀರಿನಲ್ಲಿ ಬೆರೆಯುತ್ತದೆ. ಅರ್ಧದಷ್ಟು ಹೊರಹೋಗಲು ಸುಮಾರು 10 ದಿನ ಬೇಕು. ಉಸಿರಾಟದ ಮೂಲಕ ಒಂದೇ ಪ್ರಮಾಣದ ವಿಕಿರಣಶೀಲತೆ ಒಳಹೋದರೆ, ಅನಿಲಕ್ಕಿಂತ ಆವಿಯ ಅಪಾಯ 10,000 ಪಟ್ಟು ಎಂದು ಲೆಕ್ಕ.

ಇಷ್ಟಿದ್ದೂ, ಗಾಳಿಯಿಂದ ಟ್ರಿಟಿಯಂ ತೆಗೆಯುವ ಪ್ರಚಲಿತ ಕ್ರಮ ಅನಿಲವನ್ನು ಬೇಕೆಂದೇ ನೀರಾಗಿಸುತ್ತದೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಚದುರಿದ ಅನಿಲವನ್ನು ನೇರವಾಗಿ ಹಿಡಿಯುವುದು ಕಷ್ಟ. ನೀರನ್ನು ಹಿಡಿಯುವುದು ಸುಲಭ. ಕೋಣೆಯ ಗಾಳಿಯನ್ನು ಪ್ಲಾಟಿನಂ ಅಥವಾ ಪಲ್ಲೇಡಿಯಂ ವೇಗವರ್ಧಕದ ಮೇಲೆ ಹಾಯಿಸಿ, ಹುಟ್ಟಿದ ಆವಿಯನ್ನು ಜಿಯೋಲೈಟ್ ಹರಳುಗಳಲ್ಲಿ ಹೀರಿಸುತ್ತಾರೆ. 1997ರಲ್ಲಿ ಡ್ಯೂಟೀರಿಯಂ-ಟ್ರಿಟಿಯಂ ಇಂಧನದಿಂದ 16 ಮೆಗಾವ್ಯಾಟ್ ಸಮ್ಮಿಲನ ಶಕ್ತಿ ತೋರಿಸಿದ ಇಂಗ್ಲೆಂಡಿನ ಕಲಮ್‌ನ ಜೆಟ್ ಯಂತ್ರಕ್ಕೆ ಇದ್ದದ್ದು ಇದೇ ಬಗೆಯ ವ್ಯವಸ್ಥೆ. ಉತ್ತರ ಕನ್ನಡದ ಕೈಗಾದಂಥ ಭಾರಜಲ ಸ್ಥಾವರಗಳಲ್ಲಿ ಟ್ರಿಟಿಯಂ ಮೊದಲೇ ನೀರಿನಲ್ಲಿ ಬೆರೆತಿರುವುದರಿಂದ ಒಣಗಿಸುವ ಹಂತವೊಂದೇ ಸಾಕು. ಸಮ್ಮಿಲನ ಸ್ಥಾವರಕ್ಕೆ ಎರಡೂ ಬೇಕು.

ಒಗ್ಗೂಡಿ ದುಡಿಯಬೇಕಾದ ಈ ಎರಡು ಹಂತಗಳ ನಡುವೆಯೇ ಅಪಾಯ ಅಡಗಿದೆ. ವೇಗವರ್ಧಕ ಕೆಲಸ ಮಾಡಿ, ಒಣಗಿಸುವ ಜಿಯೋಲೈಟ್ ಹಾಸು ತುಂಬಿಹೋಗಿದ್ದರೆ, ಚಿಮಣಿಯಿಂದ ಹೊರಬೀಳುವುದು ಒಳಬಂದದ್ದಕ್ಕಿಂತ ಕೆಟ್ಟದ್ದು. ಹಾಗಾಗಿ ಮೊದಲ ಹಂತದ ದಕ್ಷತೆಯನ್ನಷ್ಟೇ ಹೊಗಳುವ ವಿಶ್ಲೇಷಣೆ ಅರ್ಧ ಸತ್ಯ.

ಅವಘಡವೆಂದರೆ ಎಲ್ಲವೂ ಒಟ್ಟಿಗೆ ಕೆಡುವ ಹೊತ್ತು. ವಿದ್ಯುತ್ ಹೋದರೆ ವೇಗವರ್ಧಕವನ್ನು ಕಾಯಿಸುವ ಹೀಟರ್ ತಣಿಯುತ್ತದೆ. ತಣ್ಣಗಾದ ಅಲ್ಯೂಮಿನಾ ಆಧಾರಿತ ವೇಗವರ್ಧಕದ ರಂಧ್ರಗಳಲ್ಲಿ ತೇವ ಕೂತು ಪ್ಲಾಟಿನಂಗೆ ಅನಿಲ ತಲುಪದಂತಾಗುತ್ತದೆ. ಬೆಂಕಿ ಬಿದ್ದರೆ ಕೇಬಲ್ ಹೊದಿಕೆ ಸುಟ್ಟು ಬರುವ ಕ್ಲೋರಿನ್ ಸಂಯುಕ್ತಗಳು ಲೋಹದ ಮೇಲ್ಮೈಯನ್ನೇ ಮಂಕಾಗಿಸಬಲ್ಲವು. ಟ್ರಿಟಿಯಂ ಸೇರಿದ ಮೀಥೇನ್ ಇದ್ದರಂತೂ ಅದನ್ನು ಒಡೆಯಲು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕು. ಜಪಾನಿನ ಸಂಶೋಧಕರು ನೀರನ್ನು ಒಲ್ಲದ ಆಧಾರವಸ್ತುವಿನ ಮೇಲೆ ಪ್ಲಾಟಿನಂ ಕೂರಿಸಿ, ಕೋಣೆಯ ಉಷ್ಣತೆಯಲ್ಲೂ ತೇವದ ಗಾಳಿಯಲ್ಲೂ ದುಡಿಯುವ ವೇಗವರ್ಧಕಗಳನ್ನು ರೂಪಿಸಿದ್ದಾರೆ. ಈ ದಿಕ್ಕಿನ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಇನ್ನೂ ಸಿಕ್ಕಿಲ್ಲ.

ಭಾರತವೂ ಪಾಲುದಾರನಾಗಿರುವ, ದಕ್ಷಿಣ ಫ್ರಾನ್ಸಿನ ಈಟರ್ ಸಮ್ಮಿಲನ ಯೋಜನೆ ಎರಡನೆಯ ಹಂತವನ್ನೇ ಬದಲಿಸಿತು. ಜಿಯೋಲೈಟ್ ಹಾಸು ಗಾಳಿಯ ಸಾಮಾನ್ಯ ತೇವದಿಂದಲೂ ತುಂಬುತ್ತದೆ. ಆಗ ಕವಾಟ ತಿರುಗಿಸಿ, ಹಾಸನ್ನು ಕಾಯಿಸಿ ಮತ್ತೆ ಸಿದ್ಧಪಡಿಸಬೇಕು. ಉಗಿ ತುಂಬಿದ ಕೋಣೆಯಲ್ಲಿ ಅದು ಬೇಗನೆ ಸೋಲುತ್ತದೆ. ಈಟರ್ ಆರಿಸಿಕೊಂಡ ಗೋಪುರದಲ್ಲಿ ಮೇಲಿನಿಂದ ಶುದ್ಧ ನೀರು ಇಳಿಯುತ್ತದೆ, ಕೆಳಗಿನಿಂದ ಗಾಳಿ ಏರುತ್ತದೆ. ಆವಿಯಲ್ಲಿರುವ ಟ್ರಿಟಿಯಂ ಇಳಿಯುವ ನೀರಿನ ಜಲಜನಕದೊಡನೆ ಸ್ಥಾನ ಬದಲಿಸಿಕೊಳ್ಳುತ್ತದೆ. ಗಾಳಿ ತೇವವಾಗಿಯೇ ಹೊರಬರುತ್ತದೆ, ಆದರೆ ಅದರಲ್ಲಿನ ಟ್ರಿಟಿಯಂ ನೀರಿನ ಪಾಲಾಗಿರುತ್ತದೆ. ಹಾಸು ತುಂಬುವ ಚಿಂತೆಯಿಲ್ಲ. ನೀರಿನ ಹರಿವು ನಿಲ್ಲದಂತೆ ನೋಡಿಕೊಂಡರಾಯಿತು.

ಇದಕ್ಕೆ ತೆರುವ ಬೆಲೆಯೆಂದರೆ ರಾಶಿ ರಾಶಿ ಟ್ರಿಟಿಯಂಯುಕ್ತ ನೀರು. ಅದನ್ನು ವಿದ್ಯುದ್ವಿಭಜನೆ ಮತ್ತು ಸಮಸ್ಥಾನಿ ವಿನಿಮಯದಿಂದ ಶುದ್ಧಗೊಳಿಸುವ ಪ್ರತ್ಯೇಕ ಘಟಕ ಬೇಕು, ಅಲ್ಲಿಯವರೆಗೆ ತುಂಬಿಡಲು ತೊಟ್ಟಿಗಳು ಬೇಕು. ಕಾಂಕ್ರೀಟು, ಬಣ್ಣದ ಪದರ, ಕೇಬಲ್ ಹೊದಿಕೆಗಳು ಮೊದಲ ಗಂಟೆಗಳಲ್ಲಿ ಹೀರಿಕೊಂಡ ಆವಿ ಆಮೇಲೆ ನಿಧಾನವಾಗಿ ಹೊರಬರುವುದರಿಂದ, ಗಾಳಿ ಶುದ್ಧವಾಯಿತೆಂದು ಮಾಪಕ ತೋರಿಸಿದ ಮೇಲೂ ಗೋಪುರ ಓಡುತ್ತಲೇ ಇರಬೇಕಾಗುತ್ತದೆ. ತೊಟ್ಟಿಗಳ ಗಾತ್ರವನ್ನು ನಿರ್ಧರಿಸುವಾಗ ಈ ನಿಧಾನ ಬಿಡುಗಡೆಯ ಅವಧಿಯೂ ಲೆಕ್ಕಕ್ಕೆ ಸೇರಬೇಕು.