ಚಂದ್ರಕಲೆಯೂ ಕೋಳಿಯ ಕಾವೂ: ರೋಮನ್ ಕೃಷಿಗ್ರಂಥಗಳ ಒಂದು ನಿಯಮ

ಕೋಳಿಯ ಮೊಟ್ಟೆಗಳನ್ನು ಕಾವಿಗೆ ಇಡುವಾಗ ಚಂದ್ರನ ವೃದ್ಧಿಕ್ಷಯಗಳನ್ನು ನೋಡಬೇಕೆಂಬ ನಂಬಿಕೆಯು ಯೂರೋಪಿನಲ್ಲಿ ಬಹುಕಾಲ ಉಳಿದುಬಂದಿತು. ಇಂಥ ನಂಬಿಕೆಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲೊಂದನ್ನು ಹಿಡಿಯುತ್ತಾರೆ. ಕೆಲವರು ಇವನ್ನು ಅಜ್ಞಾನದ ಅವಶೇಷವೆಂದು ತಳ್ಳಿಹಾಕುತ್ತಾರೆ. ಮತ್ತೆ ಕೆಲವರು ಇವುಗಳಲ್ಲಿ ಗುಪ್ತವಾದ ವಿಜ್ಞಾನವೊಂದು ಅಡಗಿದೆಯೆಂದು ಸಾಧಿಸಹೊರಡುತ್ತಾರೆ. ಎರಡು ದಾರಿಗಳಲ್ಲಿಯೂ ಒಂದು ಪ್ರಶ್ನೆ ಕೇಳದೆಯೇ ಉಳಿದುಬಿಡುತ್ತದೆ. ಆ ನಿಯಮವನ್ನು ಪಾಲಿಸಿದವನಿಗೆ ಅದರಿಂದ ಯಾವ ಕೆಲಸ ನಡೆಯುತ್ತಿತ್ತು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ರೋಮನ್ನರ ಕೃಷಿಗ್ರಂಥಗಳಲ್ಲಿ ಈ ನಿಯಮವು ತಾಳಿದ ರೂಪವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಇಲ್ಲಿ ಮೂವರು ಗ್ರಂಥಕರ್ತರು ನಮಗೆ ಮುಖ್ಯರು. ವಾರೊ ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ಎಂದರೆ ಕ್ರಿ. ಪೂ. ೩೭ರಲ್ಲಿ, ಕೃಷಿಯನ್ನು ಕುರಿತು ಮೂರು ಭಾಗಗಳ ಗ್ರಂಥವನ್ನು ರಚಿಸಿದನು. ಸ್ಪೇನಿನ ಗಾದೆಸ್ ನಗರದವನಾದ ಕೊಲುಮೆಲ್ಲನು ಕ್ರಿ. ಶ. ಮೊದಲನೆಯ ಶತಮಾನದಲ್ಲಿ ಹನ್ನೆರಡು ಭಾಗಗಳ ಗ್ರಂಥವನ್ನು ಬರೆದನು. ಅದರ ಎಂಟನೆಯ ಭಾಗವು ಸಾಕುಹಕ್ಕಿಗಳನ್ನೂ ಮೀನುಗಳನ್ನೂ ಕುರಿತದ್ದು. ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಪರ್ವತದ ಸ್ಫೋಟದ ಸಮಯದಲ್ಲಿ ಮಡಿದ ಪ್ಲಿನಿಯು ತನ್ನ ಬೃಹತ್ತಾದ ನಿಸರ್ಗಚರಿತ್ರೆಯ ಹತ್ತನೆಯ ಭಾಗದಲ್ಲಿ ಪಕ್ಷಿಗಳ ವಿಷಯವನ್ನು ಹೇಳಿದ್ದಾನೆ.

ಈ ಮೂವರಲ್ಲಿಯೂ ಅನುಭವಜ್ಞಾನವೂ ನಂಬಿಕೆಯೂ ಒಂದರೊಡನೊಂದು ಬೆರೆತುಕೊಂಡಿವೆ. ಕಾವಿಗೆ ಇಟ್ಟ ನಾಲ್ಕು ದಿನಗಳ ಮೇಲೆ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಅದರಲ್ಲಿ ಜೀವವುಂಟೋ ಇಲ್ಲವೋ ತಿಳಿಯುತ್ತದೆಂದು ವಾರೊ ಹೇಳುತ್ತಾನೆ. ಇದು ಶುದ್ಧ ಅನುಭವ. ಮೊಟ್ಟೆಗಳ ಸಂಖ್ಯೆ ಬೆಸವಾಗಿರಬೇಕೆಂಬ ಮಾತೂ ಅಲ್ಲಿಯೇ ಇದೆ. ಕೊಲುಮೆಲ್ಲನು ಈ ಬೆಸಸಂಖ್ಯೆಯನ್ನು ಋತುವಿಗೆ ಹೊಂದಿಸಿ, ಜನವರಿಯಲ್ಲಿ ೧೫, ಮಾರ್ಚಿಯಲ್ಲಿ ೧೯, ಏಪ್ರಿಲ್ ತಿಂಗಳಿನಿಂದ ಮುಂದೆ ೨೧ ಮೊಟ್ಟೆಗಳನ್ನು ಇಡಬೇಕೆನ್ನುತ್ತಾನೆ. ಚಳಿಗಾಲದಲ್ಲಿ ಒಂದು ಹೇಂಟೆಯು ಹೆಚ್ಚು ಮೊಟ್ಟೆಗಳಿಗೆ ಶಾಖ ಕೊಡಲಾರದು ಎಂಬ ತಿಳಿವಳಿಕೆಯೇ ಈ ಏರಿಕೆಗೆ ಕಾರಣವಾಗಿರಬೇಕು; ಬೆಸವಾಗಿರಬೇಕೆಂಬುದಕ್ಕೆ ಮಾತ್ರ ಅಂಥ ಕಾರಣವು ತೋರುವುದಿಲ್ಲ. ಗುಡುಗಿನಿಂದ ಮೊಟ್ಟೆಗಳು ಕೆಡುತ್ತವೆಂದು ಹುಲ್ಲಿನ ಹಾಸಿನ ಕೆಳಗೆ ಕಬ್ಬಿಣದ ಮೊಳೆಗಳನ್ನು ಇಡುವ ಪದ್ಧತಿಯನ್ನೂ ಕೊಲುಮೆಲ್ಲ ಮತ್ತು ಪ್ಲಿನಿ ಇಬ್ಬರೂ ಉಲ್ಲೇಖಿಸಿದ್ದಾರೆ.

ಇನ್ನು ಚಂದ್ರನ ವಿಷಯ. ಅಮಾವಾಸ್ಯೆ ಕಳೆದ ಮೇಲೆಯೇ ಕಾವನ್ನು ಪ್ರಾರಂಭಿಸಬೇಕು, ಅದಕ್ಕೆ ಮೊದಲು ಇಟ್ಟ ಮೊಟ್ಟೆಗಳು ಫಲಿಸುವುದಿಲ್ಲ ಎಂದಷ್ಟೇ ಪ್ಲಿನಿಯ ಮಾತು. ಕೊಲುಮೆಲ್ಲನ ನಿಯಮವು ಇದಕ್ಕಿಂತ ಖಚಿತವಾದದ್ದು. ಬೆಳೆಯುವ ಚಂದ್ರನ ಹತ್ತನೆಯ ದಿನದಿಂದ ಹದಿನೈದನೆಯ ದಿನದೊಳಗೆ ಮೊಟ್ಟೆಗಳನ್ನು ಇಡಬೇಕು. ಮರಿಗಳು ಹೊರಬರುವಾಗಲೂ ಚಂದ್ರನು ಬೆಳೆಯುತ್ತಿರುವಂತೆ ವ್ಯವಸ್ಥೆ ಮಾಡಬೇಕು. ನಮ್ಮ ಪಂಚಾಂಗದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಸುಮಾರಾಗಿ ಶುಕ್ಲ ದಶಮಿಯಿಂದ ಹುಣ್ಣಿಮೆಯವರೆಗಿನ ಅವಧಿ.

ಈ ನಿಯಮದ ಹಿಂದಿರುವ ಲೆಕ್ಕವನ್ನು ಬಿಡಿಸಿ ನೋಡಬೇಕು. ಕೋಳಿಯ ಮೊಟ್ಟೆಗೆ ೨೧ ದಿನಗಳ ಕಾವು ಬೇಕೆಂಬುದು ಕೊಲುಮೆಲ್ಲನಿಗೆ ತಿಳಿದಿತ್ತು. ಚಾಂದ್ರಮಾಸದ ಅವಧಿ ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳು. ದಶಮಿಯಂದು ಇಟ್ಟ ಮೊಟ್ಟೆಯು ಮುಂದಿನ ಮಾಸದ ಪಾಡ್ಯ ಬಿದಿಗೆಗಳ ಹೊತ್ತಿಗೆ ಒಡೆಯುತ್ತದೆ. ಹುಣ್ಣಿಮೆಯಂದು ಇಟ್ಟದ್ದು ಷಷ್ಠಿ ಸಪ್ತಮಿಗಳ ಹೊತ್ತಿಗೆ ಒಡೆಯುತ್ತದೆ. ಎರಡೂ ಶುಕ್ಲಪಕ್ಷವೇ. ಪ್ಲಿನಿಯ ಮಾತಿನಂತೆ ಅಮಾವಾಸ್ಯೆ ಕಳೆದೊಡನೆ ಇಟ್ಟರೆ ಮರಿಗಳು ಹೊರಬರುವುದು ಕೃಷ್ಣಪಕ್ಷದಲ್ಲಿ. ಅಲ್ಲದೆ ಕಾವಿಗೆ ಇಡುವ ಮೊಟ್ಟೆಗಳು ಹತ್ತು ದಿನಗಳಿಗಿಂತ ಹಳೆಯವಾಗಿರಬಾರದೆಂದೂ ಕೊಲುಮೆಲ್ಲನು ವಿಧಿಸುತ್ತಾನೆ. ದಶಮಿಯ ಮೇಲೆ ಇಟ್ಟ ಇಂಥ ಮೊಟ್ಟೆಗಳು ಅಮಾವಾಸ್ಯೆಯ ಈಚೆಗೆ ಹುಟ್ಟಿದವೇ ಆಗಿರಬೇಕಷ್ಟೆ. ಹೀಗೆ ಮೊಟ್ಟೆಯಿಡುವುದು, ಕಾವಿಗೆ ಕೂರಿಸುವುದು, ಮರಿಯೊಡೆಯುವುದು, ಈ ಮೂರೂ ವೃದ್ಧಿಚಂದ್ರನ ಕಾಲಕ್ಕೆ ಸೇರುತ್ತವೆ. ಕೊಯ್ಯುವ, ಕತ್ತರಿಸುವ ಕೆಲಸಗಳಿಗೆ ಕ್ಷೀಣಚಂದ್ರನೇ ಲೇಸೆಂದು ಪ್ಲಿನಿ ಇನ್ನೊಂದೆಡೆ ಹೇಳಿದ್ದಾನೆ. ಬೆಳೆಯಬೇಕಾದುದಕ್ಕೆ ಬೆಳೆಯುವ ಚಂದ್ರ ಎಂಬ ಸಾದೃಶ್ಯಭಾವನೆಯೇ ಈ ನಂಬಿಕೆಯ ಮೂಲವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಮೂಲವನ್ನು ಹೇಳಿದ ಮಾತ್ರಕ್ಕೆ ಉಪಯೋಗವನ್ನು ಹೇಳಿದಂತಾಗಲಿಲ್ಲ. ಕೊಲುಮೆಲ್ಲನ ಲಕ್ಷ್ಯದಲ್ಲಿದ್ದುದು ಎರಡು ಮೂರು ಹೇಂಟೆಗಳನ್ನು ಸಾಕಿದ ಬಡವನ ಮನೆಯಲ್ಲ. ದೊಡ್ಡ ಭೂಮಾಲೀಕನ ಹಿಡುವಳಿ. ಒಬ್ಬ ಪಾಲಕನ ಕೈಗೆ ಇನ್ನೂರು ಕೋಳಿಗಳಿರಬೇಕೆಂದು ಅವನು ಹೇಳುತ್ತಾನೆ. ಈ ಪಾಲಕನು ಕಾಲಿಗೆ ತಾಗಿ ಉರುಳಿದ ಮೊಟ್ಟೆಗಳನ್ನು ಸರಿಪಡಿಸಬೇಕು. ಹತ್ತೊಂಬತ್ತನೆಯ ದಿನ ಮರಿಗಳು ಚಿಪ್ಪನ್ನು ಕುಟುಕಿವೆಯೇ ಎಂದು ನೋಡಬೇಕು, ಒಳಗಿನ ಚಿಲಿಪಿಲಿಗೆ ಕಿವಿಗೊಡಬೇಕು, ಹೊರಬರಲಾರದ ಮರಿಯನ್ನು ಕೈಯಿಂದ ಬಿಡಿಸಿ ತಾಯಿಯ ಕೆಳಗೆ ಇಡಬೇಕು. ಅನಂತರ ಎರಡು ಮೂರು ಹೇಂಟೆಗಳ ಮರಿಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಒಳ್ಳೆಯದೊಂದಕ್ಕೆ ಮೂವತ್ತನ್ನು ಮೀರದಂತೆ ಒಪ್ಪಿಸಬೇಕು. ಇದನ್ನು ಮೊದಲ ದಿನಗಳಲ್ಲಿಯೇ ಮಾಡಬೇಕು. ತಡವಾದರೆ ತಾಯಿಯು ತನ್ನವಲ್ಲದ ಮರಿಗಳನ್ನು ಗುರುತಿಸಿಬಿಡುತ್ತದೆ.

ಈ ಕೆಲಸಗಳನ್ನು ಚಂದ್ರನಿಯಮದ ಪಕ್ಕದಲ್ಲಿಟ್ಟು ನೋಡಿದಾಗ ಅದರ ಪ್ರಯೋಜನವು ಸ್ಪಷ್ಟವಾಗುತ್ತದೆ. ಕಾವಿಗೆ ಇಡುವುದನ್ನು ತಿಂಗಳಲ್ಲಿ ಆರು ದಿನಗಳಿಗೆ ಸೀಮಿತಗೊಳಿಸಿದರೆ ಮರಿಯೊಡೆಯುವುದೂ ಆರು ದಿನಗಳ ಒಳಗೇ ನಡೆಯುತ್ತದೆ. ಒಂದೇ ವಯಸ್ಸಿನ ಮರಿಗಳು ಹಲವು ಗೂಡುಗಳಲ್ಲಿ ಒಟ್ಟಿಗೆ ದೊರೆಯುವುದರಿಂದ ಅವನ್ನು ಒಂದು ಹೇಂಟೆಗೆ ಒಪ್ಪಿಸುವುದು ಸಾಧ್ಯವಾಗುತ್ತದೆ. ಪಾಲಕನ ಎಚ್ಚರವೂ ತಿಂಗಳ ಒಂದು ಗೊತ್ತಾದ ಭಾಗದಲ್ಲಿ ಕೇಂದ್ರೀಕೃತವಾಗುತ್ತದೆ. ಕ್ರಿ. ಪೂ. ೪೫ರಲ್ಲಿ ಜೂಲಿಯಸ್ ಸೀಸರನ ಪಂಚಾಂಗವು ಜಾರಿಗೆ ಬಂದ ಮೇಲೆ ರೋಮನ್ ತಿಂಗಳುಗಳು ಸೂರ್ಯನ ಗತಿಯನ್ನು ಅನುಸರಿಸಿದುವು. ಆದರೆ ಓದುಬರಹ ಬಾರದ ಗುಲಾಮನಿಗೆ ಆಕಾಶವೇ ಪಂಚಾಂಗವಾಗಿತ್ತು. ದಶಮಿಯಂದು ಕೂರಿಸಿದ ಹೇಂಟೆಯ ಮರಿಗಳನ್ನು ಎದುರುನೋಡಬೇಕಾದ ಗಳಿಗೆಯನ್ನು ಸಂಜೆಯ ಪಡುವಣದಲ್ಲಿ ಕಾಣುವ ಎಳೆಯ ಚಂದ್ರರೇಖೆಯೇ ಅವನಿಗೆ ತಿಳಿಸುತ್ತಿತ್ತು. ಕೊಲುಮೆಲ್ಲನು ಈ ಸಂಬಂಧವನ್ನು ಬಾಯಿಬಿಟ್ಟು ಹೇಳಿಲ್ಲ. ಅವನ ವಿಧಿಗಳನ್ನು ಒಟ್ಟುಗೂಡಿಸಿ ನಾವು ಮಾಡಿದ ಊಹೆ ಇದು. ಆದರೂ ವಿಧಿಗಳು ಪರಸ್ಪರ ಹೊಂದಿಕೊಳ್ಳುವ ರೀತಿಯು ಈ ಊಹೆಗೆ ಬಲವಾದ ಆಧಾರವೆಂದು ನಮ್ಮ ಭಾವನೆ.

ಇದರಿಂದ ಚಂದ್ರನು ಮೊಟ್ಟೆಯ ಮೇಲೆ ಪ್ರಭಾವ ಬೀರುತ್ತಾನೆಂದು ಸಿದ್ಧವಾಗುವುದಿಲ್ಲ. ಸರಿಯಾದ ಶಾಖ, ತೇವ, ಗಾಳಿ ದೊರೆತರೆ ಮೊಟ್ಟೆಯು ಯಾವ ಪಕ್ಷದಲ್ಲಾದರೂ ಇಪ್ಪತ್ತೊಂದು ದಿನಗಳಲ್ಲಿ ಒಡೆಯುತ್ತದೆ. ಇಂದಿನ ಕಾವುಯಂತ್ರಗಳು ತಿಥಿಯನ್ನು ನೋಡುವುದಿಲ್ಲ. ಮೊಟ್ಟೆ ಹಳೆಯದಾದಷ್ಟೂ ಫಲಿಸುವುದು ಕಡಿಮೆ ಎಂಬ ಅನುಭವ ಮಾತ್ರ ಇಂದಿಗೂ ನಿಂತಿದೆ. ನಿಯಮವು ಉಪಯುಕ್ತವಾಗಿದ್ದುದು ಅದು ಕೆಲಸವನ್ನು ಕ್ರಮಗೊಳಿಸಿದ್ದರಿಂದ. ಅದು ಹೇಳಿಕೊಂಡ ಕಾರಣವು ನಿಜವಾಗಿದ್ದುದರಿಂದಲ್ಲ.

ಈ ಭೇದವು ನಿಯಮದ ಮುಂದಿನ ಚರಿತ್ರೆಯನ್ನು ತಿಳಿಯುವುದಕ್ಕೂ ಅವಶ್ಯಕ. ಕೊಲುಮೆಲ್ಲನ ಅನಂತರ ಕೆಲವು ಶತಮಾನಗಳ ಮೇಲೆ ಬರೆದ ಪಲ್ಲಾದಿಯಸನು ಬೆಸಸಂಖ್ಯೆಯನ್ನೂ ಹತ್ತರಿಂದ ಹದಿನೈದರವರೆಗಿನ ಚಂದ್ರದಿನಗಳನ್ನೂ ತನ್ನ ಗ್ರಂಥದಲ್ಲಿ ಹಾಗೆಯೇ ವಿಧಿಸಿದನು. ಆ ಗ್ರಂಥವು ಮಧ್ಯಯುಗದಲ್ಲಿ ವ್ಯಾಪಕವಾಗಿ ಪ್ರಚಾರದಲ್ಲಿದ್ದು, ಹದಿನೈದನೆಯ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಪದ್ಯರೂಪವಾಗಿ ಅನುವಾದಗೊಂಡಿತು. ಇನ್ನೂರು ಕೋಳಿಗಳ ಹಿಡುವಳಿಗೆ ಹೊಂದುತ್ತಿದ್ದ ಅಂಕಿಗಳು ನಾಲ್ಕು ಕೋಳಿಗಳ ಅಂಗಳಕ್ಕೂ ಅನ್ವಯಿಸುವ ಮಾತಾಗಿ ಗ್ರಂಥದಿಂದ ಗ್ರಂಥಕ್ಕೆ ಸಾಗಿದುವು. ಅಲ್ಲಿ ಒಂದೇ ಹೇಂಟೆ ಕಾವಿಗೆ ಬಂದಾಗ ದಶಮಿಗಾಗಿ ಕಾಯುವುದರಿಂದ ಲಾಭವಿಲ್ಲ. ಕಾಯುವುದರೊಳಗೆ ಅದರ ಕಾವು ಇಳಿದುಹೋದರೆ ನಷ್ಟವೇ ಉಂಟು.

ನಾವು ಜನಪದ ನಂಬಿಕೆಯೆಂದು ಸಂಗ್ರಹಿಸುವ ಎಷ್ಟೋ ಮಾತುಗಳು ಹಳ್ಳಿಯಲ್ಲಿಯೇ ಹುಟ್ಟಿ ಅಲ್ಲಿಯೇ ಉಳಿದವಲ್ಲ. ರೈತನ ಬಾಯಿಂದ ಗ್ರಂಥಕ್ಕೂ ಗ್ರಂಥದಿಂದ ರೈತನ ಬಾಯಿಗೂ ಅವು ಹಲವು ಸಲ ಹೋಗಿಬಂದಿರಬಹುದು. ಈ ಪಯಣದಲ್ಲಿ ಉಪಯೋಗವು ಕಳಚಿಬಿದ್ದು ವಿಧಿಯೊಂದೇ ಉಳಿದಿರಬಹುದು. ಆದುದರಿಂದ ಇಂಥ ನಂಬಿಕೆಯನ್ನು ಸಂಗ್ರಹಿಸುವ ವಿದ್ಯಾರ್ಥಿಯು ಅದು ನಿಜವೋ ಸುಳ್ಳೋ ಎಂದು ಕೇಳಿ ನಿಲ್ಲಬಾರದು. ಯಾರ ಮನೆಯಲ್ಲಿ, ಎಷ್ಟು ಕೋಳಿಗಳ ನಡುವೆ, ಯಾರ ದುಡಿಮೆಯಿಂದ ಅದು ನಡೆಯುತ್ತಿತ್ತು ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಅಷ್ಟಾದಾಗ ಮಾತ್ರ ಅದು ಚರಿತ್ರೆಯ ಸಾಮಗ್ರಿಯಾಗುತ್ತದೆ.